ಬರ್ಲಿನ್‌ಗೆ ಸಂಸಾರ ಸಮೇತ ಬರುತ್ತಿದ್ದೀರಾ? ಮೊದಲು ಅಂಚೆ ಡಬ್ಬಿಗೆ ಹೆಸರು ಅಂಟಿಸಿ

ಒಬ್ಬರೇ ಬಂದವರಿಗೆ ಬರ್ಲಿನ್ ಅಷ್ಟೇನೂ ಕಷ್ಟದ ಊರಲ್ಲ. ಒಂದು ರೂಮು, ಒಂದು ಸಿಮ್ಮು, ಆಫೀಸಿಗೆ ಯಾವ ಟ್ರೈನು ಅಂತ ಗೊತ್ತಾದರೆ ಮೊದಲ ತಿಂಗಳು ಹೇಗೋ ಕಳೆದುಹೋಗುತ್ತದೆ. ಸಂಸಾರ ಕಟ್ಟಿಕೊಂಡು ಬಂದರೆ ಹಾಗಲ್ಲ. ನಾವು ಬಂದಾಗ ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಮೂರು. ಯಜಮಾನರಿಗೆ ಆಫೀಸಿನಲ್ಲಿ ಲ್ಯಾಪ್‌ಟಾಪು, ಹೂಗುಚ್ಛ ಎಲ್ಲ ಸಿಕ್ಕಿತು. ನನ್ನ ಪಾಲಿಗೆ ಬಂದದ್ದು ಒಂದು ದಪ್ಪ ಫೈಲು.

ಆ ಫೈಲು ಹೊತ್ತು ಅಲೆದಾಗ ಗೊತ್ತಾದದ್ದು ಒಂದೇ. ಇಲ್ಲಿ ಯಾವ ಕೆಲಸವೂ ಒಂಟಿಯಲ್ಲ. ವಿಳಾಸ ಇಲ್ಲದೆ ನೋಂದಣಿ ಇಲ್ಲ, ನೋಂದಣಿ ಇಲ್ಲದೆ ತೆರಿಗೆ ನಂಬರ್ ಇಲ್ಲ, ಆ ನಂಬರ್ ಇಲ್ಲದೆ ಮಕ್ಕಳ ಭತ್ಯೆ ಇಲ್ಲ. ತುದಿ ಹಿಡಿದು ಎಳೆದರೆ ದಾರ ಬಿಚ್ಚಿಕೊಳ್ಳುತ್ತದೆ, ನಡುವೆ ಎಳೆದರೆ ಗಂಟಾಗುತ್ತದೆ. ಹಾಗಾಗಿ ತುದಿಯಿಂದಲೇ ಶುರು ಮಾಡೋಣ.

ಹೊರಡುವ ಮುಂಚೆ

ಮದುವೆ ಸರ್ಟಿಫಿಕೇಟು, ಮಕ್ಕಳ ಜನನ ಪತ್ರ, ಶಾಲೆಯ ಅಂಕಪಟ್ಟಿ, ನಿಮ್ಮಿಬ್ಬರ ಡಿಗ್ರಿ, ಮಕ್ಕಳ ಲಸಿಕೆ ಪುಸ್ತಕ. ಇವೆಲ್ಲದರ ಮೂಲ ಪ್ರತಿ ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕಬೇಡಿ. ಜರ್ಮನ್ ಅನುವಾದ ಬೇಕಾದಾಗ ಪ್ರಮಾಣ ಮಾಡಿದ ಅನುವಾದಕರೇ ಮಾಡಿಕೊಡಬೇಕು, ನಾವೇ ಬರೆದುಕೊಂಡು ಹೋದರೆ ನಡೆಯುವುದಿಲ್ಲ.

ಲಸಿಕೆ ಪುಸ್ತಕದಲ್ಲಿ ದಡಾರದ ಸಾಲು ಹುಡುಕಿ ನೋಡಿ. 2020ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಎರಡು ವರ್ಷ ತುಂಬಿದ ಮಗು ಶಿಶುವಿಹಾರಕ್ಕೆ ಅಥವಾ ಶಾಲೆಗೆ ಸೇರಬೇಕಾದರೆ ಎರಡು ಡೋಸ್ ಆಗಿರುವ ದಾಖಲೆ ತೋರಿಸಬೇಕು. ಎರಡನೇ ಡೋಸ್ ಆಗಿಲ್ಲದಿದ್ದರೆ ಅಲ್ಲೇ ಹಾಕಿಸಿಕೊಂಡು ಬನ್ನಿ. ಇಲ್ಲಿ ಮಕ್ಕಳ ಡಾಕ್ಟರ್ ಸಿಗುವುದೇ ಒಂದು ಸಾಹಸ, ಅದನ್ನು ಮುಂದೆ ಹೇಳುತ್ತೇನೆ.

ಮನೆ

ಜಾಹೀರಾತು ಓದುವುದನ್ನು ಮೊದಲು ಕಲಿಯಬೇಕು. "2 ತ್ಸಿಮ್ಮರ್" ಅಂದರೆ ಎರಡು ಬೆಡ್‌ರೂಮ್ ಅಲ್ಲ, ಹಾಲ್ ಸೇರಿ ಒಟ್ಟು ಎರಡು ಕೋಣೆ. ಅಡುಗೆಮನೆ, ಬಚ್ಚಲು ಲೆಕ್ಕಕ್ಕೆ ಬರುವುದಿಲ್ಲ. "ಕಾಲ್ಟ್‌ಮೀಟೆ" ಅಂದರೆ ಬರೀ ಗೋಡೆಯ ಬಾಡಿಗೆ. "ವಾರ್ಮ್‌ಮೀಟೆ"ಯಲ್ಲಿ ನೀರು, ಕಸ, ಮೆಟ್ಟಿಲ ಕ್ಲೀನಿಂಗು, ಸಾಮಾನ್ಯವಾಗಿ ಹೀಟಿಂಗು ಸೇರಿರುತ್ತದೆ. ಕರೆಂಟು, ಇಂಟರ್ನೆಟ್ಟು ಅದರ ಮೇಲೆ ಬೇರೆ. ಮುಂಗಡ ಠೇವಣಿ ಕಾಲ್ಟ್‌ಮೀಟೆಯ ಮೂರು ಪಟ್ಟಿಗಿಂತ ಜಾಸ್ತಿ ಕೇಳುವಂತಿಲ್ಲ, ಅದನ್ನೂ ಮೂರು ತಿಂಗಳ ಕಂತಿನಲ್ಲಿ ಕೊಡುವ ಹಕ್ಕು ಕಾನೂನಿನಲ್ಲೇ ಇದೆ. ಮನೆ ನೋಡುವ ಮುಂಚೆಯೇ ದುಡ್ಡು ಕಳಿಸಿ ಅಂದವರಿಗೆ ಉತ್ತರ ಬರೆಯುವ ಶ್ರಮವೂ ಬೇಡ, ಅದು ಮೋಸ.

ಫರ್ನಿಚರ್ ಇಲ್ಲದ ಮನೆ ಅಂದರೆ ಇಲ್ಲಿ ನಿಜಕ್ಕೂ ಏನೂ ಇಲ್ಲದ ಮನೆ. ಹಲವು ಮನೆಗಳಲ್ಲಿ ಅಡುಗೆಕಟ್ಟೆ, ಸಿಂಕು, ಒಲೆ ಯಾವುದೂ ಇರುವುದಿಲ್ಲ. ಚಾವಣಿಯಿಂದ ಎರಡು ವೈರು ಇಳಿಬಿದ್ದಿರುತ್ತವೆ, ದೀಪ ನೀವೇ ತರಬೇಕು. ಚಿಕ್ಕ ಮಕ್ಕಳಿದ್ದರೆ ಜಾಹೀರಾತಿನಲ್ಲಿ "ಇಬಿಕೆ" ಅಂತ ಇದೆಯಾ ನೋಡಿ, ಅಡುಗೆಮನೆ ಕೂಡಿಸಿ ಕೊಡುತ್ತಾರೆ ಅಂತ ಅರ್ಥ. ನನ್ನ ಸಲಹೆ ಕೇಳಿದರೆ ಮೊದಲ ನಾಲ್ಕೈದು ತಿಂಗಳು ಫರ್ನಿಚರ್ ಇರುವ ಮನೆಯಲ್ಲಿ ಇದ್ದುಬಿಡಿ. ದುಬಾರಿ, ನಿಜ. ಆದರೆ ಜೆಟ್‌ಲ್ಯಾಗಿನ ಮಕ್ಕಳನ್ನು ಖಾಲಿ ನೆಲದ ಮೇಲೆ ಮಲಗಿಸಿ ಸ್ಕ್ರೂಡ್ರೈವರ್ ಹಿಡಿಯುವುದು ಬೇಡ. ಬುಕ್ ಮಾಡುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿ: "ಈ ವಿಳಾಸದಲ್ಲಿ ಆನ್‌ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ, ಮಾಡಬಹುದಾ?" ಇಲ್ಲ ಅಂದರೆ ಎಷ್ಟು ಚಂದದ ಮನೆಯಾದರೂ ಬಿಟ್ಟುಬಿಡಿ.

ಕೀಲಿ ಕೈಗೆ ಬರುವ ದಿನ ಗೋಡೆಯ ಗೀರು, ನೆಲದ ಕಲೆ, ಮೀಟರಿನ ಅಂಕಿ ಎಲ್ಲದರ ಫೋಟೊ ತೆಗೆದು, ಹಸ್ತಾಂತರದ ಕಾಗದದಲ್ಲಿ ಬರೆಸಿ. ಮುಜುಗರ ಬೇಡ, ಇಲ್ಲಿ ಎಲ್ಲರೂ ಮಾಡುತ್ತಾರೆ.

ಆನ್‌ಮೆಲ್ಡುಂಗ್, ಅಂದರೆ ನಾನು ಇಲ್ಲಿದ್ದೇನೆ ಅಂತ ಹೇಳುವುದು

ಮನೆಗೆ ಹೋದ 14 ದಿನದೊಳಗೆ ಬ್ಯುರ್ಗರ್‌ಆಮ್ಟ್ ಎಂಬ ನಾಗರಿಕ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಪಾಸ್‌ಪೋರ್ಟುಗಳು, ತುಂಬಿದ ಫಾರಂ, ಮತ್ತು ಮನೆ ಮಾಲೀಕರು ಸಹಿ ಮಾಡಿದ "ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್" ಎಂಬ ವಾಸದ ದೃಢೀಕರಣ ಪತ್ರ ಬೇಕು. ಹೆಸರು ಉಚ್ಚರಿಸಲು ಬಾರದಿದ್ದರೂ ಪರವಾಗಿಲ್ಲ, ಕಾಗದ ಕೈಯಲ್ಲಿರಲಿ. ಬಾಡಿಗೆ ಕರಾರು ತೋರಿಸಿದರೆ ಅದರ ಬದಲಿಗೆ ನಡೆಯುವುದಿಲ್ಲ. ಮದುವೆ ಮತ್ತು ಜನನ ಪತ್ರಗಳನ್ನೂ ಒಯ್ಯಿರಿ.

ಕಷ್ಟ ಇರುವುದು ಅಪಾಯಿಂಟ್‌ಮೆಂಟ್ ಸಿಗುವುದರಲ್ಲಿ. ನಿಮ್ಮ ಏರಿಯಾದ ಕಚೇರಿಗೇ ಹೋಗಬೇಕೆಂದಿಲ್ಲ, ಬರ್ಲಿನ್‌ನ 12 ಜಿಲ್ಲೆಗಳಲ್ಲಿ ಎಲ್ಲಿ ಸಿಕ್ಕರೂ ಸರಿ. ಬೆಳಿಗ್ಗೆ ಎದ್ದು ವೆಬ್‌ಸೈಟ್ ತೆರೆದು ರಿಫ್ರೆಶ್ ಮಾಡುತ್ತಾ ಇರಿ, ಯಾರಾದರೂ ಕ್ಯಾನ್ಸಲ್ ಮಾಡಿದ್ದು ಕಾಣಿಸಿಕೊಳ್ಳುತ್ತದೆ. ಸರ್ಕಾರಿ ಸಹಾಯವಾಣಿ 115ಕ್ಕೆ ಫೋನ್ ಮಾಡಿಯೂ ಕೇಳಬಹುದು. ನಮಗೆ ಸಿಕ್ಕಿದ್ದು ಊರಿನ ಇನ್ನೊಂದು ತುದಿಯಲ್ಲಿ, ಒಂದು ಗಂಟೆ ದಾರಿ. 14 ದಿನದ ಒಳಗೆ ಸಿಗದಿದ್ದರೆ ಬುಕ್ ಮಾಡಿದ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಫಾರಂನಲ್ಲಿ ಧರ್ಮದ ಕಾಲಂ ಇದೆ, ಇದನ್ನು ಸುಮ್ನೆ ತುಂಬಬೇಡಿ. ತೆರಿಗೆ ವಸೂಲಿ ಮಾಡುವ ಚರ್ಚ್‌ನ ಸದಸ್ಯರು ಅಂತ ಬರೆದರೆ ಬರ್ಲಿನ್‌ನಲ್ಲಿ ಆದಾಯ ತೆರಿಗೆಯ 9% ಚರ್ಚ್ ತೆರಿಗೆಯಾಗಿ ಸಂಬಳದಿಂದ ಹೋಗುತ್ತದೆ. ಕೊಡಬೇಕು ಅನಿಸಿದರೆ ಕೊಡಿ, ಗೊತ್ತಿಲ್ಲದೆ ಕೊಡಬೇಡಿ.

ಈಗ ಆ ಅಂಚೆ ಡಬ್ಬಿ

ನೋಂದಣಿ ಮುಗಿದ ದಿನವೇ, ಅಲ್ಲ, ಅದಕ್ಕೂ ಮುಂಚೆಯೇ, ಅಂಚೆ ಡಬ್ಬಿಗೂ ಬಾಗಿಲ ಬೆಲ್ಲಿಗೂ ಹೆಸರು ಹಾಕಿ. ಇಲ್ಲಿ ವಿಳಾಸದಲ್ಲಿ ಮನೆ ನಂಬರ್ ಸಾಮಾನ್ಯವಾಗಿ ಇರುವುದೇ ಇಲ್ಲ. ಐದು ಮಹಡಿಯ ಕಟ್ಟಡಕ್ಕೆಲ್ಲ ಒಂದೇ ನಂಬರು, ಅಂಚೆಯವರು ಹೆಸರು ನೋಡಿಯೇ ಹಾಕುತ್ತಾರೆ. ಹೆಸರಿಲ್ಲ ಅಂದರೆ ಕಾಗದ ವಾಪಸ್.

ನಮ್ಮಂಥವರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಒಂದೇ ಮನೆಯಲ್ಲಿ ಗಂಡನ ಪಾಸ್‌ಪೋರ್ಟಿನಲ್ಲಿ ಅವರ ಅಪ್ಪನ ಹೆಸರು ಸರ್‌ನೇಮು, ನನ್ನದರಲ್ಲಿ ನನ್ನ ಅಪ್ಪನ ಹೆಸರು, ಮಕ್ಕಳದರಲ್ಲಿ ಗಂಡನ ಹೆಸರು. ಒಟ್ಟು ಮೂರು ಸರ್‌ನೇಮು! ನಾವು ಗಂಡನ ಸರ್‌ನೇಮ್ ಒಂದನ್ನೇ ಅಂಟಿಸಿ ಆರಾಮಾಗಿದ್ದೆವು. ಅವರ ಕಾಗದಗಳೆಲ್ಲ ಬಂದವು. ನನ್ನ ಹೆಲ್ತ್ ಕಾರ್ಡ್ ಬರಲೇ ಇಲ್ಲ, ಮಕ್ಕಳ ತೆರಿಗೆ ನಂಬರೂ ಬರಲಿಲ್ಲ. ಐದು ವಾರ ಕಾದು ಫೋನ್ ಮಾಡಿದರೆ, "ಆ ವಿಳಾಸದಲ್ಲಿ ಇಂಥವರು ಇಲ್ಲ ಅಂತ ವಾಪಸ್ ಬಂದಿದೆ" ಅಂದರು. ನಾನು ಅಡುಗೆಮನೆಯಲ್ಲಿ ನಿಂತುಕೊಂಡು, ನಾನು ಇಲ್ಲೇ ಇದ್ದೀನಲ್ಲಪ್ಪಾ ಅಂದುಕೊಂಡೆ. ಆ ಸಂಜೆ ಮಗಳು ದಪ್ಪ ಕಾಗದದ ಮೇಲೆ ಮೂರೂ ಹೆಸರು ಸ್ಕೆಚ್‌ಪೆನ್ನಲ್ಲಿ ಬರೆದು, ಮೇಲೆ ಟೇಪ್ ಹಚ್ಚಿದಳು. ಡಬ್ಬಿ ತುಂಬ ಹೆಸರಾಯಿತು, ಆದರೆ ಕಾಗದ ಬರತೊಡಗಿದವು.

ಮದುವೆ ಸರ್ಟಿಫಿಕೇಟು ಕೈಲಿ ಬೇಕು ಅಂದದ್ದೂ ಇದಕ್ಕೇ. ಸರ್‌ನೇಮ್ ಬೇರೆ ಇದ್ದರೆ ಪ್ರತಿ ಕೌಂಟರಿನಲ್ಲೂ ಕೇಳುತ್ತಾರೆ, ತಾಳ್ಮೆಯಿಂದ ಹೇಳಿ. ಟಿಕೆಟ್, ವಿಮೆ, ಶಾಲೆ, ಎಲ್ಲ ಕಡೆ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಬರೆಯಿರಿ. ಒಂದು ಕಡೆ ಇನಿಷಿಯಲ್ಲು, ಇನ್ನೊಂದು ಕಡೆ ಪೂರ್ತಿ ಹೆಸರು ಬರೆದರೆ ಅವರ ಕಡತದಲ್ಲಿ ನೀವು ಇಬ್ಬರಾಗುತ್ತೀರಿ.

ಡಬ್ಬಿಗೆ ಬರುವ ಕಾಗದಗಳು

ಕೆಲವು ವಾರದಲ್ಲಿ 11 ಅಂಕಿಯ ತೆರಿಗೆ ನಂಬರ್ ಬರುತ್ತದೆ, ಮಕ್ಕಳಿಗೂ ಒಂದೊಂದು. ಇದು ಜೀವನಪೂರ್ತಿ ಅದೇ ಇರುತ್ತದೆ, ಕಾಗದ ಕಳೆಯಬೇಡಿ. ಇದು ಸಿಕ್ಕ ಕೂಡಲೇ ಮಕ್ಕಳ ಭತ್ಯೆ ಕೊಡುವ ಕಚೇರಿಯಾದ ಫಮೀಲಿಯೆನ್‌ಕಾಸೆಗೆ "ಕಿಂಡರ್‌ಗೆಲ್ಟ್" ಅರ್ಜಿ ಹಾಕಿ. ಇದು ಮಕ್ಕಳ ಭತ್ಯೆ, 2025ರಲ್ಲಿ ಒಂದು ಮಗುವಿಗೆ ತಿಂಗಳಿಗೆ 255 ಯೂರೋ ಇತ್ತು. ಬ್ಲೂ ಕಾರ್ಡ್, ಅಂದರೆ ಓದಿದ ಪರಿಣತರಿಗೆ ಕೊಡುವ ಕೆಲಸದ ಪರವಾನಗಿ, ಇರುವವರಿಗೂ ಸಿಗುತ್ತದೆ. ಆಮೇಲೆ ಹಾಕಿದರಾಯಿತು ಅಂತ ಬಿಟ್ಟರೆ ಹಿಂದಿನ ಆರು ತಿಂಗಳದ್ದು ಮಾತ್ರ ಕೊಡುತ್ತಾರೆ, ಉಳಿದದ್ದು ಹೋಯಿತು ಅಂತಲೇ.

ಇನ್ನೊಂದು ಕಾಗದ ರೇಡಿಯೋ-ಟಿವಿ ಶುಲ್ಕದ್ದು, ತಿಂಗಳಿಗೆ 18.36 ಯೂರೋ. ಟಿವಿ ಇಲ್ಲ ಅಂದರೂ ಕೊಡಬೇಕು. ಮನೆಗೆ ಒಂದೇ, ತಲೆಗೊಂದಲ್ಲ. ಗಂಡ ಹೆಂಡತಿ ಇಬ್ಬರಿಗೂ ಬೇರೆ ಬೇರೆ ಕಾಗದ ಬಂದರೆ ಒಬ್ಬರು ಕಟ್ಟಿ, ಇನ್ನೊಬ್ಬರು ಕಟ್ಟುವವರ ಶುಲ್ಕದ ನಂಬರ್ ಬರೆದು ಉತ್ತರ ಕಳಿಸಿ. ಮೋಸದ ಪತ್ರ ಅಂತ ಹರಿದು ಹಾಕಿದವರು ನನಗೇ ಗೊತ್ತು, ಆಮೇಲೆ ದಂಡ ಸೇರಿಸಿ ಕಟ್ಟಿದರು.

ಆರೋಗ್ಯ ವಿಮೆಯಲ್ಲಿ ಸಾರ್ವಜನಿಕ, ಖಾಸಗಿ ಅಂತ ಎರಡು. ಒಬ್ಬರೇ ದುಡಿಯುವ ಸಂಸಾರಕ್ಕೆ ನನ್ನ ಓಟು ಸಾರ್ವಜನಿಕಕ್ಕೇ. ಅದರಲ್ಲಿ ಸಂಪಾದನೆ ಇಲ್ಲದ ಹೆಂಡತಿಯೋ ಗಂಡನೋ ಮತ್ತು ಮಕ್ಕಳು ಹೆಚ್ಚಿನ ಕಂತಿಲ್ಲದೆ ಸೇರಿಕೊಳ್ಳುತ್ತಾರೆ, ಖಾಸಗಿಯಲ್ಲಿ ತಲೆಗೊಂದು ಕಂತು. ಖಾಸಗಿಗೆ ಹೋದವರು ಮತ್ತೆ ಸಾರ್ವಜನಿಕಕ್ಕೆ ಬರುವುದೂ ಸುಲಭ ಇಲ್ಲ. ಜೊತೆಗೆ "ಹಾಫ್ಟ್‌ಫ್ಲಿಖ್ಟ್" ಅನ್ನುವ ಹೊಣೆಗಾರಿಕೆ ವಿಮೆ ಮಾಡಿಸಿ. ಮಗ ಪಕ್ಕದವರ ಸೈಕಲ್ ಬೀಳಿಸಿದರೆ, ನೀವು ಕಟ್ಟಡದ ಕೀಲಿ ಕಳೆದರೆ ಅದು ಕಾಯುತ್ತದೆ. ಕೀಲಿ ಕಳೆದದ್ದಕ್ಕೂ ರಕ್ಷಣೆ ಇದೆಯಾ ಅಂತ ಕರಾರಿನಲ್ಲಿ ನೋಡಿಕೊಳ್ಳಿ, ಇಡೀ ಕಟ್ಟಡದ ಬೀಗ ಬದಲಿಸಬೇಕಾಗಿ ಬರಬಹುದು.

ಡಾಕ್ಟರ್, ಜ್ವರ ಬರುವ ಮುಂಚೆಯೇ

ಮಕ್ಕಳ ಡಾಕ್ಟರ್‌ಗಳು ಅನೇಕರು "ಹೊಸಬರನ್ನು ತೆಗೆದುಕೊಳ್ಳುತ್ತಿಲ್ಲ" ಅನ್ನುತ್ತಾರೆ. ಮನೆ ಹತ್ತಿರ ಇರುವ ಎಲ್ಲರ ಪಟ್ಟಿ ಮಾಡಿ ಒಂದೊಂದಾಗಿ ಹೋಗಿ ಕೇಳಿ. ಫೋನಿಗಿಂತ ಎದುರು ನಿಂತು ಕೇಳುವುದು ಮೇಲು, ಜೊತೆಯಲ್ಲಿ ಮಗು ಇದ್ದರೆ ಇನ್ನೂ ಮೇಲು. ನನಗೆ ಏಳನೆಯ ಬಾಗಿಲಲ್ಲಿ ಹೂಂ ಅಂದರು. ಅಲ್ಲಿ ಹಳದಿ ಪುಸ್ತಕ ಕೊಡುತ್ತಾರೆ, ಅದರಲ್ಲಿ ಯು1ರಿಂದ ಯು9ರವರೆಗೆ ವಯಸ್ಸಿಗೆ ತಕ್ಕ ತಪಾಸಣೆಗಳ ಪಟ್ಟಿ ಇರುತ್ತದೆ.

ನಂಬರ್‌ಗಳನ್ನು ಫ್ರಿಜ್ ಮೇಲೆ ಬರೆದಿಡಿ. ಪ್ರಾಣಾಪಾಯ, ಬೆಂಕಿಗೆ 112. ಪೊಲೀಸರಿಗೆ 110. ರಾತ್ರಿ, ಭಾನುವಾರ ಡಾಕ್ಟರ್ ಬೇಕು ಆದರೆ ಅಷ್ಟು ತುರ್ತಲ್ಲ ಅಂದರೆ 116117. ಔಷಧಿ ಚೀಟಿಗೆ ಕಾಯುತ್ತಾ ನಿಲ್ಲಬೇಡಿ. ಸಾರ್ವಜನಿಕ ವಿಮೆಯವರಿಗೆ 2024ರಿಂದ ಅದು ಎಲೆಕ್ಟ್ರಾನಿಕ್, ಅಂಗಡಿಯಲ್ಲಿ ಹೆಲ್ತ್ ಕಾರ್ಡ್ ತೋರಿಸಿದರೆ ಸಾಕು. ಜ್ವರಕ್ಕೆ ಕೂಡಲೇ ಆ್ಯಂಟಿಬಯಾಟಿಕ್ ಸಿಗುತ್ತದೆ ಅಂದುಕೊಂಡು ಹೋಗಬೇಡಿ. ಬಿಸಿನೀರು ಕುಡಿಸಿ, ಮಲಗಿಸಿ, ಮೂರು ದಿನ ನೋಡಿ ಅಂದಾಗ ಮೊದಲ ಸಲ ನನಗೆ ಸಿಟ್ಟೇ ಬಂದಿತ್ತು. ಮೂರನೇ ದಿನ ಜ್ವರ ಬಿಟ್ಟಿತು.

ಕಿಟಾ ಮತ್ತು ಶಾಲೆ

ಕಿಟಾ ಅಂದರೆ ಶಿಶುವಿಹಾರ. 2013ರ ಆಗಸ್ಟ್‌ನಿಂದ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಜಾಗ ಪಡೆಯುವ ಹಕ್ಕಿದೆ. ಹಕ್ಕಿದೆ ಅಂದ ಮಾತ್ರಕ್ಕೆ ಪಕ್ಕದ ಬೀದಿಯಲ್ಲೇ ಸಿಗುತ್ತದೆ ಅಂತಲ್ಲ. ಜಿಲ್ಲೆಯ ಮಕ್ಕಳ ಕಲ್ಯಾಣ ಕಚೇರಿಯಾದ ಯೂಗೆಂಡ್‌ಆಮ್ಟ್‌ನಲ್ಲಿ ಅರ್ಜಿ ಹಾಕಿ "ಗುಟ್‌ಶೈನ್" ಎಂಬ ಚೀಟಿ ಪಡೆಯಬೇಕು, ಆಮೇಲೆ ಅದನ್ನು ಹಿಡಿದು ನೀವೇ ಕಿಟಾ ಹುಡುಕಬೇಕು. ಬರ್ಲಿನ್‌ನಲ್ಲಿ 2018ರಿಂದ ಕಿಟಾಕ್ಕೆ ಫೀಸಿಲ್ಲ, ಊಟಕ್ಕೆ ತಿಂಗಳಿಗೆ 23 ಯೂರೋ ಕೊಡಬೇಕು.

ಸೀಟು ಸಿಕ್ಕ ದಿನವೇ ಮಗುವನ್ನು ಬಿಟ್ಟು ಬರಬಹುದು ಅಂದುಕೊಂಡಿದ್ದೆ. ಇಲ್ಲ. "ಐನ್‌ಗೆವ್ಯೋನುಂಗ್" ಅಂತ ಇದೆ, ಮಗುವನ್ನು ಒಗ್ಗಿಸುವ ಕಾಲ. ಮೊದಲ ಮೂರು ದಿನ ನಾನೂ ಅಲ್ಲೇ, ಮೂಲೆಯಲ್ಲಿ, ಮೊಣಕಾಲು ಗಲ್ಲಕ್ಕೆ ತಾಗುವಷ್ಟು ಪುಟ್ಟ ಕುರ್ಚಿಯ ಮೇಲೆ. ಆಡಿಸುವ ಹಾಗಿಲ್ಲ, ಫೋನ್ ನೋಡುವ ಹಾಗಿಲ್ಲ, ಸುಮ್ಮನೆ ಕೂರಬೇಕು, ಒಂದು ಗಂಟೆಯಾದ ಮೇಲೆ ಕರೆದುಕೊಂಡು ಬರಬೇಕು. ನಾಲ್ಕನೇ ದಿನ ಹತ್ತು ನಿಮಿಷ ಹೊರಗೆ ಕಳಿಸಿದರು. ಪ್ರತಿ ಮಗುವಿಗೂ ಕೋಟು ನೇತುಹಾಕಲು ಒಂದು ಗೂಟ, ಅದರ ಮೇಲೆ ಒಂದು ಚಿತ್ರ. ನಮ್ಮವನಿಗೆ ಬಸವನಹುಳು. ನಾನು ಬಾಗಿಲಾಚೆ ನಿಂತು ಆ ಬಸವನಹುಳುವನ್ನೇ ನೋಡುತ್ತಿದ್ದೆ, ಒಳಗೆ ಅವನು ಅಳುತ್ತಿದ್ದ, ಆಮೇಲೆ ಅಳು ನಿಂತಿತು. ಪೂರ್ತಿ ದಿನ ಬಿಡಲು ನಾಲ್ಕು ವಾರ ಆಯಿತು. ಹೀಗಾಗಿ ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಒಬ್ಬರು ಆ ತಿಂಗಳು ಖಾಲಿ ಇಟ್ಟುಕೊಳ್ಳಬೇಕು. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ಶಾಲೆ ಇಲ್ಲಿ ಕಡ್ಡಾಯ, ಮನೆಯಲ್ಲೇ ಓದಿಸುತ್ತೇವೆ ಅನ್ನುವಂತಿಲ್ಲ. ಸೆಪ್ಟೆಂಬರ್ 30ರೊಳಗೆ ಆರು ತುಂಬುವ ಮಕ್ಕಳು ಆ ವರ್ಷ ಒಂದನೇ ಕ್ಲಾಸು. ಸರ್ಕಾರಿ ಶಾಲೆಗೆ ಫೀಸಿಲ್ಲ, ಬರ್ಲಿನ್‌ನಲ್ಲಿ ಒಂದರಿಂದ ಆರನೇ ಕ್ಲಾಸಿನವರೆಗೆ ಮಧ್ಯಾಹ್ನದ ಊಟವೂ ಉಚಿತ, ಶಾಲೆ ಮಕ್ಕಳಿಗೆ ಊರಿನೊಳಗಿನ ಬಸ್ಸು ರೈಲಿನ ಪಾಸೂ ಉಚಿತ. ಜರ್ಮನ್ ಬಾರದ ದೊಡ್ಡ ಮಕ್ಕಳನ್ನು ಮೊದಲು "ವಿಲ್‌ಕೊಮ್ಮೆನ್ಸ್‌ಕ್ಲಾಸೆ"ಗೆ ಹಾಕುತ್ತಾರೆ, ಭಾಷೆ ಕಲಿಸುವ ಕ್ಲಾಸು. ಒಂದು ಎರಡನೇ ಕ್ಲಾಸಿನ ವಯಸ್ಸಿನವರು ಸಾಮಾನ್ಯವಾಗಿ ನೇರವಾಗಿ ಮಾಮೂಲಿ ಕ್ಲಾಸಿಗೇ ಹೋಗುತ್ತಾರೆ.

ಇಂಟರ್‌ನ್ಯಾಷನಲ್ ಶಾಲೆಯಾ, ಇಲ್ಲಿನದಾ ಅಂತ ಎಲ್ಲರೂ ಕೇಳುತ್ತಾರೆ. ಎರಡು ವರ್ಷದಲ್ಲಿ ಹೊರಡುವುದು ಖಚಿತವಾದರೆ ಇಂಗ್ಲಿಷಿನದು ಸರಿ. ಇಲ್ಲ ಅಂದರೆ ಇಲ್ಲಿನ ಶಾಲೆಗೇ ಹಾಕಿ ಅಂತ ನಾನು ಹೇಳುತ್ತೇನೆ. ಮಗಳು ಮೊದಲ ಮೂರು ತಿಂಗಳು ಶಾಲೆಯಲ್ಲಿ ಬಾಯೇ ಬಿಡಲಿಲ್ಲ. ಟೀಚರು, "ಅವಳು ಕೇಳಿಸಿಕೊಳ್ಳುತ್ತಿದ್ದಾಳೆ, ತುಂಬಿಕೊಳ್ಳುತ್ತಿದ್ದಾಳೆ, ಬಿಡಿ" ಅಂದರು. ನಾಲ್ಕನೇ ತಿಂಗಳು ಯಾವುದೋ ಆಟಕ್ಕೆ ತಮ್ಮನ ಜೊತೆ ಜರ್ಮನ್‌ನಲ್ಲಿ ಜಗಳ ಆಡಿದಳು. ಮನೆಯಲ್ಲಿ ಕನ್ನಡ ಮಾತ್ರ ಬಿಡಬೇಡಿ. ಜರ್ಮನ್ ಹೇಗೂ ಅಂಟಿಕೊಳ್ಳುತ್ತದೆ.

ಅಕ್ಕಪಕ್ಕ, ಕಸ, ಭಾನುವಾರ

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಮತ್ತು ಭಾನುವಾರ ಇಡೀ ದಿನ ನಿಶ್ಶಬ್ದ. ಡ್ರಿಲ್ ಹಾಕಬೇಡಿ, ಗಾಜಿನ ಬಾಟಲಿಗಳನ್ನು ಡಬ್ಬಕ್ಕೆ ಎಸೆಯಬೇಡಿ. ನಾವು ಬಂದ ಎರಡನೇ ಭಾನುವಾರವೇ ಕಪಾಟು ಜೋಡಿಸಲು ಹೋಗಿ ಬೈಸಿಕೊಂಡೆವು. ಮಕ್ಕಳ ಓಡಾಟದ ಸದ್ದಿಗೆ ಮಾತ್ರ ಅಷ್ಟು ಹೆದರಬೇಕಿಲ್ಲ, ಅದನ್ನು ಸಹಿಸಿಕೊಳ್ಳಬೇಕು ಅಂತ ಬರ್ಲಿನ್‌ನ ಕಾನೂನೇ ಹೇಳುತ್ತದೆ. ಆದರೂ ಬಂದ ವಾರವೇ ಕೆಳಗಿನ ಮನೆಯ ಬೆಲ್ ಒತ್ತಿ ಮಕ್ಕಳನ್ನು ಪರಿಚಯಿಸಿ. ಹೆಸರು ಗೊತ್ತಿರುವ ಮಗುವಿನ ಸದ್ದು ಕಡಿಮೆ ಕೇಳಿಸುತ್ತದೆ.

ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ. ಹಾಲು, ಡೈಪರು ಶನಿವಾರವೇ ತಂದಿಡಿ. ಕಸದಲ್ಲಿ ಕಾಗದ ನೀಲಿ ಡಬ್ಬಕ್ಕೆ, ಪ್ಯಾಕೆಟ್ಟುಗಳು ಹಳದಿಗೆ, ಅಡುಗೆಮನೆ ಕಸ ಕಂದು ಬಣ್ಣದ್ದಕ್ಕೆ. ಬಣ್ಣ ಬೇರೆ ಇದ್ದರೆ ಡಬ್ಬದ ಮೇಲಿನ ಚಿತ್ರ ನೋಡಿ. ಪ್ಲಾಸ್ಟಿಕ್ ಬಾಟಲಿ, ಕ್ಯಾನುಗಳನ್ನು ಎಸೆಯಬೇಡಿ, ಒಂದಕ್ಕೆ 25 ಸೆಂಟ್ ಠೇವಣಿ ಕೊಟ್ಟಿರುತ್ತೀರಿ, ಸೂಪರ್‌ಮಾರ್ಕೆಟ್ಟಿನ ಮಷೀನಿಗೆ ಹಾಕಿದರೆ ವಾಪಸ್. ನಮ್ಮ ಮನೆಯಲ್ಲಿ ಅದು ಮಕ್ಕಳ ಸಂಪಾದನೆ.

ಕಾರಿನ ಯೋಚನೆ ಸದ್ಯಕ್ಕೆ ಬಿಡಿ. ಭಾರತದ ಲೈಸೆನ್ಸ್ ಇಲ್ಲಿ ನೆಲೆಸಿದ ಮೇಲೆ ಆರು ತಿಂಗಳು ಮಾತ್ರ ನಡೆಯುತ್ತದೆ, ಆಮೇಲೆ ಪರೀಕ್ಷೆ ಬರೆದು ಗಾಡಿ ಓಡಿಸಿ ತೋರಿಸಬೇಕು. ಆರು ವರ್ಷದೊಳಗಿನ ಮಕ್ಕಳಿಗೆ ರೈಲು ಬಸ್ಸು ಉಚಿತ. ಕಾಗದದ ಟಿಕೆಟ್ ಕೊಂಡರೆ ಪ್ಲಾಟ್‌ಫಾರ್ಮಿನ ಪೆಟ್ಟಿಗೆಯಲ್ಲಿ ಮುದ್ರೆ ಒತ್ತಿಸಿ, ಮರೆತರೆ 60 ಯೂರೋ ದಂಡ. ಟಿಕೆಟ್ ಕೈಯಲ್ಲಿದೆಯಲ್ಲ ಅಂತ ವಾದ ಮಾಡಿ ಪ್ರಯೋಜನ ಇಲ್ಲ, ನಾನು ಮಾಡಿ ನೋಡಿದ್ದೇನೆ.

ಮನೆಯಲ್ಲಿ ಉಳಿದವರು

ಇದನ್ನು ಕೊನೆಗೆ ಬಿಡುತ್ತಾರೆ, ಅಲ್ವಾ? ಒಬ್ಬರಿಗೆ ಆಫೀಸಿದೆ, ಮಕ್ಕಳಿಗೆ ಶಾಲೆ ಸಿಗುತ್ತದೆ, ಉಳಿದವರೊಬ್ಬರು ಫೈಲು ಹಿಡಿದುಕೊಂಡು ಕೂತಿರುತ್ತಾರೆ. ಬ್ಲೂ ಕಾರ್ಡಿನವರ ಸಂಗಾತಿಗೆ ಇಲ್ಲಿ ಕೆಲಸ ಮಾಡುವ ಹಕ್ಕಿದೆ, ನಿವಾಸ ಪರವಾನಗಿಯ ಕಾರ್ಡಿನ ಮೇಲೆ ಬರೆದಿರುತ್ತಾರೆ, ಓದಿ ನೋಡಿ. ಡಿಗ್ರಿಗೆ ಇಲ್ಲಿ ಬೆಲೆ ಇದೆಯಾ ಅಂತ "ಅನಾಬಿನ್" ಎಂಬ ಡೇಟಾಬೇಸಿನಲ್ಲಿ ನಿಮ್ಮ ಯೂನಿವರ್ಸಿಟಿ ಹೆಸರು ಹಾಕಿ ನೋಡಬಹುದು. ಭಾಷೆಗೆ ಪ್ರತಿ ಜಿಲ್ಲೆಯಲ್ಲೂ ದೊಡ್ಡವರಿಗೆ ಕಲಿಸುವ ಶಾಲೆಯಾದ ಫೋಲ್ಕ್ಸ್‌ಹೋಖ್‌ಶೂಲೆ ಇದೆ. ಹೊರಗಿನಿಂದ ಬಂದವರಿಗೆಂದೇ ಇರುವ ಸಾಮಾನ್ಯ ಇಂಟೆಗ್ರೇಶನ್ ಕೋರ್ಸಿನಲ್ಲಿ 600 ಗಂಟೆ ಭಾಷೆ, 100 ಗಂಟೆ ದೇಶದ ಪರಿಚಯ. ಮಕ್ಕಳ ಕಿಟಾ ಗಟ್ಟಿಯಾದ ಮೇಲೆ ಸೇರೋಣ ಅಂತ ನಾನು ಒಂದು ವರ್ಷ ಕಳೆದೆ, ಅದು ತಪ್ಪು. ಮೊದಲ ತಿಂಗಳೇ ಹೆಸರು ಕೊಡಿ, ಜಾಗ ಸಿಗುವ ಹೊತ್ತಿಗೆ ಮಗು ಕಿಟಾದಲ್ಲಿರುತ್ತದೆ.

ನವೆಂಬರ್ ಬರುವ ಮುಂಚೆ ಹೊರಗೆ ಹೋಗುವ ಅಭ್ಯಾಸ ಮಾಡಿಕೊಳ್ಳಿ. ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟರ ಮೇಲೆ ಬೆಳಕು, ಸಂಜೆ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗಿರುತ್ತಾನೆ. ಮಕ್ಕಳಿಗೆ ಕೆಸರಿನಲ್ಲಿ ಆಡುವ ರಬ್ಬರಿನಂಥ ಪ್ಯಾಂಟು ತೆಗೆದುಕೊಳ್ಳಿ, ಸೆಕೆಂಡ್‌ಹ್ಯಾಂಡಿನದು ಸಾಕು, ಮಳೆಯಲ್ಲೂ ಕಿಟಾದವರು ಹೊರಗೆ ಬಿಡುತ್ತಾರೆ. ಎಷ್ಟೇ ಚಳಿ ಇದ್ದರೂ ದಿನಕ್ಕೆ ಎರಡು ಮೂರು ಸಲ ಐದು ಹತ್ತು ನಿಮಿಷ ಕಿಟಕಿಗಳನ್ನು ಪೂರ್ತಿ ತೆರೆದು ಗಾಳಿ ಆಡಿಸಿ. ಸದಾ ಮುಚ್ಚಿಟ್ಟು ಒಳಗೆ ಬಟ್ಟೆ ಒಣಗಿಸಿ, ಅಡುಗೆಯ ಹಬೆ ತುಂಬಿಸಿದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಮನೆ ಬಿಡುವಾಗ ಅದೇ ಠೇವಣಿಯ ಜಗಳವಾಗುತ್ತದೆ.

ಮತ್ತೆ ಆ ಡಬ್ಬಿಯ ಮಾತು. ಒಂದು ವರ್ಷ ಕಳೆದ ಮೇಲೆ ಮನೆ ಮಾಲೀಕರಿಂದ ದಪ್ಪ ಕವರ್ ಬರುತ್ತದೆ, ಹೀಟಿಂಗು, ನೀರು, ಇತರ ಖರ್ಚಿನ ವಾರ್ಷಿಕ ಲೆಕ್ಕ. ನೀವು ತಿಂಗಳು ತಿಂಗಳು ಕೊಟ್ಟದ್ದು ಬರೀ ಅಂದಾಜು, ಜಾಸ್ತಿ ಬಳಸಿದ್ದರೆ ಬಾಕಿ ಕೇಳುತ್ತಾರೆ, ಕಡಿಮೆಯಾಗಿದ್ದರೆ ವಾಪಸ್ ಕೊಡುತ್ತಾರೆ. ಮೊದಲ ವರ್ಷ ಹೀಟರನ್ನು ಪೂರ್ತಿ ಐದಕ್ಕೆ ತಿರುಗಿಸಿಟ್ಟು ಕೂತವರಿಗೆ ಸಾಮಾನ್ಯವಾಗಿ ಬಾಕಿಯೇ. ಲೆಕ್ಕದ ಅವಧಿ ಮುಗಿದು 12 ತಿಂಗಳಾದ ಮೇಲೆ ಕಳಿಸಿದರೆ ಸಾಮಾನ್ಯವಾಗಿ ಬಾಕಿ ಕೇಳುವಂತಿಲ್ಲ. ಹಾಗಾಗಿ ಕವರಿನ ಮೇಲೆ ಬಂದ ತಾರೀಕು ಬರೆದಿಟ್ಟು, ಬಾಕಿ ಕಟ್ಟುವ ಮುಂಚೆ ಮೀಟರಿನ ಅಂಕಿಯನ್ನು ಕೀಲಿ ತೆಗೆದುಕೊಂಡ ದಿನದ ಫೋಟೊ ಜೊತೆ ತಾಳೆ ನೋಡಿ. ನಮ್ಮದರಲ್ಲಿ ಹಳೇ ಬಾಡಿಗೆದಾರರ ಎರಡು ತಿಂಗಳ ಹೀಟಿಂಗೂ ಸೇರಿತ್ತು. ಫೋಟೊ ಕಳಿಸಿದೆ, ಮೂರು ವಾರದಲ್ಲಿ ತಿದ್ದಿದ ಲೆಕ್ಕ ಬಂತು, ನನ್ನ ಹೆಸರಿಗೇ.